ಏಜೆಂಟ್‌ಗಳು ಮಾತಾಡ್ತವೆ, ಬೆಳೆಗಾರನ ಪರ ಯಾರು?

ಬೇರೆ ಬೇರೆ ಕಂಪನಿಗಳ ಎಐ ಏಜೆಂಟ್‌ಗಳು ಕೆಲಸ ಹಂಚಿಕೊಳ್ಳಲಿ ಅಂತ ಗೂಗಲ್ 2025ರ ಏಪ್ರಿಲ್‌ನಲ್ಲಿ ‘ಏಜೆಂಟ್ ಟು ಏಜೆಂಟ್’ ನಿಯಮಾವಳಿ ಬಿಟ್ಟಿತು. ಜೂನ್‌ನಲ್ಲಿ ಅದು ಲಿನಕ್ಸ್ ಫೌಂಡೇಶನ್ ಕೈಗೆ ಹೋಯಿತು. ಮೈಕ್ರೋಸಾಫ್ಟ್‌ನ ಆಟೋಜೆನ್ 2023ರಿಂದಲೇ ಇದೆ. ಎಲ್ಲ ಮುಕ್ತ, ಉಚಿತ. ಸಂತೋಷ. ಆದರೆ ವಸ್ತಾರೆಯಲ್ಲಿ ಮೂರು ಎಕರೆ ಕಾಫಿ ಇರೋನಿಗೆ ಇದರಿಂದ ಆಗೋದೇನು?

ಯುರೋಪಿನ ಅರಣ್ಯನಾಶ ತಡೆ ಕಾನೂನು ನೋಡಿ. ಅಲ್ಲಿಗೆ ಹೋಗೋ ಕಾಫಿ ಯಾವ ಜಮೀನಿನದು ಅಂತ ಅಕ್ಷಾಂಶ, ರೇಖಾಂಶ ಸಮೇತ ತೋರಿಸಬೇಕು. 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗ ಆಗಿರಬಾರದು. ಏಜೆಂಟ್‌ಗಳಿಗೆ ಹೇಳಿ ಮಾಡಿಸಿದಂಥ ಕೆಲಸ: ಒಂದು ಉಪಗ್ರಹ ಚಿತ್ರ ನೋಡಬಹುದು, ಇನ್ನೊಂದು ಪಹಣಿ ತಾಳೆ ಹಾಕಬಹುದು, ಮತ್ತೊಂದು ಖರೀದಿದಾರನಿಗೆ ವರದಿ ಕೊಡಬಹುದು. ತೋಟದಲ್ಲಿ ಮರಗಸಿ ಮಾಡಿದ್ದನ್ನು ಮೊದಲನೆಯದು ಕಾಡು ಕಡಿದದ್ದು ಅಂತ ಓದಿಕೊಂಡರೆ? ಉಳಿದೆರಡೂ ಅದನ್ನೇ ನಂಬಿ ಮುಂದೆ ಸಾಗುತ್ತವೆ. ನಾನು ಓದಿದ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಮೂರೂ ಚೆನ್ನಾಗಿಯೇ ‘ಸಹಕರಿಸಿವೆ’.

ತಕರಾರು ಎತ್ತೋಕೆ ನಾಲ್ಕನೇ ಏಜೆಂಟ್ ಬೇಕು. ಅದಕ್ಕೆ ತಂತ್ರಜ್ಞಾನ ಅಡ್ಡಿಯಲ್ಲ, ಖರ್ಚು ಹಾಕೋರು ಬೇಕು ಅಷ್ಟೇ. 1990ರ ದಶಕದವರೆಗೆ ಕಾಫಿ ಮಂಡಳಿಯ ಪೂಲ್ ಇತ್ತು. ದುಡ್ಡು ಕಂತುಕಂತಾಗಿ ಬರ್ತಿತ್ತು, ಬೈದವರೂ ಕಡಿಮೆ ಇಲ್ಲ (ಬೈಯೋದರಲ್ಲಿ ನ್ಯಾಯವೂ ಇತ್ತು). ಆದ್ರೂ ಸಣ್ಣ ಬೆಳೆಗಾರ ಮಾರುಕಟ್ಟೆಯಲ್ಲಿ ಒಬ್ಬನೇ ನಿಲ್ಲಬೇಕಿರಲಿಲ್ಲ.

ಈಗಲೂ ಮಂಡಳಿಯೋ ಸಹಕಾರ ಸಂಘವೋ ಬೆಳೆಗಾರರ ಪರ ಏಜೆಂಟ್ ನಡೆಸಬಹುದು. ‘ತಿರಸ್ಕೃತ’ ಅಂತ ಬಂದರೆ ಕಾರಣ ಕನ್ನಡದಲ್ಲಿ ಸಿಗಬೇಕು, ಮೇಲ್ಮನವಿ ಕೇಳೋಕೆ ಮನುಷ್ಯ ಇರಬೇಕು. ಕಾನೂನಿನ ಜಾರಿ 2026ರ ಡಿಸೆಂಬರ್‌ಗೆ ಮುಂದೆ ಹೋಗಿದೆ. ಅಷ್ಟರೊಳಗೆ ಇದನ್ನು ಕಟ್ಟೋಕೆ ಆಗಲ್ಲ ಅಂತ ಬೆಂಗಳೂರಿನಲ್ಲಿ ಕೂತು ಯಾರೂ ಹೇಳಬೇಡಿ.