ಹಳೆಯ ಕಾರು, ಹೊಸ ಉಸಿರು

ಗಾಯಕನಿಗೆ ಕಂಠದಷ್ಟೇ ಉಸಿರೂ ಮುಖ್ಯ. ಮೋಟಾರು ಎಂಜಿನ್ನಿಗೂ ಈ ಮಾತು ಸಲ್ಲುತ್ತದೆ. ಗಾಳಿಯನ್ನು ಒಳಗೆಳೆದುಕೊಂಡರೆ ಸಾಲದು. ಉರಿದ ಹೊಗೆಯನ್ನು ತಡೆಯಿಲ್ಲದೆ ಹೊರದೂಡಲೂ ಬೇಕು. ಪ್ರತಿಯೊಂದು ಸಿಲಿಂಡರಿನ ಹೊಗೆಯನ್ನೂ ಬೇರೆ ಬೇರೆ ಕೊಳವೆಯಲ್ಲಿ ಕರೆತಂದು ಒಂದೆಡೆ ಕೂಡಿಸುವ ಗೊಂಚಲಿಗೆ ‘ಹೆಡರ್’ ಎಂದು ಹೆಸರು. ಹಳೆಯ ಕಾರಿಗೆ ಬೇರೆ ಎಂಜಿನ್ ಕೂಡಿಸಹೊರಟವರ ತಾಳ್ಮೆಯನ್ನು ಈ ಗೊಂಚಲಿನಷ್ಟು ಪರೀಕ್ಷಿಸುವ ವಸ್ತು ಮತ್ತೊಂದಿಲ್ಲ.

ಇಂಗ್ಲೆಂಡಿನ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1962ರಲ್ಲಿ ಬೆಳಕು ಕಂಡ ಈ ಪುಟ್ಟ ಕಾರಿಗೆ ನಾಲ್ಕು ಸಿಲಿಂಡರುಗಳ 1,798 ಸಿ.ಸಿ. ಎಂಜಿನ್ನಿತ್ತು. ಅಮೆರಿಕದ ಬ್ಯೂಕ್ ಕಾರಿನಲ್ಲಿ ಹುಟ್ಟಿ ರೋವರ್ ಸಂಸ್ಥೆಯ ಕೈಸೇರಿದ ಎಂಟು ಸಿಲಿಂಡರುಗಳ ವಿ-8 ಎಂಜಿನ್ 3.5 ಲೀಟರಿನದು. ಅದರ ಮೈ ಅಲ್ಯೂಮಿನಿಯಮ್ಮಿನದಾದುದರಿಂದ ತೂಕದಲ್ಲಿ ಹಳೆಯ ಕಬ್ಬಿಣದ ಎಂಜಿನ್ನಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. 1973ರಿಂದ 1976ರವರೆಗೆ ಕಾರ್ಖಾನೆಯೇ ಇದನ್ನು ಕೂಡಿಸಿ 2,591 ಕಾರುಗಳನ್ನು ತಯಾರಿಸಿತು. ಹವ್ಯಾಸಿಗಳು ಇಂದಿಗೂ ಅದೇ ಸಾಹಸವನ್ನು ತಮ್ಮ ಮನೆಯ ಗ್ಯಾರೇಜಿನಲ್ಲಿ ನಡೆಸುತ್ತಾರೆ.

ತೂಕ ಹೊಂದಿದರೂ ಅಗಲ ಹೊಂದುವುದಿಲ್ಲ. ಎಂಜಿನ್ನಿನ ಎರಡೂ ಮಗ್ಗುಲಿನಿಂದ ಹೊಗೆ ಹೊರಬೀಳಬೇಕು. ಒಂದು ಮಗ್ಗುಲಿನಲ್ಲಿ ಸ್ಟಿಯರಿಂಗ್ ದಂಡವು ದಾರಿಗಡ್ಡವಾಗಿ ನಿಂತಿದೆ. ಇಲ್ಲಿ ಮೂರು ಮಾರ್ಗಗಳುಂಟು. ಮೊದಲನೆಯದು, ಎರಕದ ಕಬ್ಬಿಣದ ಮ್ಯಾನಿಫೋಲ್ಡು: ಸದ್ದು ಕಡಿಮೆ, ಬಾಳಿಕೆ ಹೆಚ್ಚು, ಹೊಗೆಯ ಹರಿವು ಮಾತ್ರ ಮಂದ. ಎರಡನೆಯದು, ಎಂಜಿನ್ನಿನ ಮೈಯನ್ನು ಅಪ್ಪಿಕೊಂಡು ಇಳಿಯುವ ಗಿಡ್ಡ ಹೆಡರು: ತಗಡನ್ನು ಕತ್ತರಿಸುವ ಪ್ರಮೇಯವಿಲ್ಲ, ಆದರೆ ಅದರ ಕಾವೆಲ್ಲ ಬಾನೆಟ್ಟಿನೊಳಗೇ ಉಳಿದು ತಂತಿಗಳನ್ನು ಬಾಡಿಸುತ್ತದೆ. ಮೂರನೆಯದು, 1992ರಲ್ಲಿ ಪ್ರಕಟವಾದ ಎಂ.ಜಿ. ಆರ್‌ವಿ8 ಕಾರಿನ ಮಾದರಿ: ಮುಂಚಕ್ರದ ಒಳತಗಡಿನಲ್ಲಿ ರಂಧ್ರ ಕೊರೆದು ಕೊಳವೆಗಳನ್ನು ಹೊರದಾಟಿಸುವುದು. ಕಾವು ಹೊರಹೋಗುತ್ತದೆ, ಸ್ಟಿಯರಿಂಗಿಗೂ ಎಡೆ ದೊರೆಯುತ್ತದೆ. ಆದರೆ ಅರ್ಧ ಶತಮಾನ ಬಾಳಿದ ದೇಹಕ್ಕೆ ಕತ್ತರಿ ಹಾಕಬೇಕು. ಕೊರೆದ ತಗಡನ್ನು ಮತ್ತೆ ಮೊದಲಿನಂತೆ ಮಾಡುವುದು ಸುಲಭವಲ್ಲ.

ಕೊಳವೆ ದಪ್ಪವಾದಷ್ಟೂ ಶಕ್ತಿ ಹೆಚ್ಚೆಂಬ ನಂಬಿಕೆಯೊಂದಿದೆ. ಕೊಳವೆ ಅತಿಯಾಗಿ ಅಗಲವಾದರೆ ಹೊಗೆಯ ವೇಗ ಕುಗ್ಗುತ್ತದೆ. ಒಂದು ಸಿಲಿಂಡರಿನ ಹೊಗೆ ಮುಂದಿನದನ್ನು ಸೆಳೆದುಕೊಂಡು ಹೋಗುವ ಅನುಕೂಲ ತಪ್ಪುತ್ತದೆ. ಪಂದ್ಯದ ಮೈದಾನದಲ್ಲಿ ಮೆರೆಯುವ ಕಾರು ಪೇಟೆಯ ಬೀದಿಯಲ್ಲಿ ಮುಗ್ಗರಿಸುವುದು ಹೀಗೆ. ಲೋಹದ ವಿಚಾರವೂ ಅಷ್ಟೇ: ಸಾಧಾರಣ ಉಕ್ಕು ಅಗ್ಗ, ಬೇಗ ತುಕ್ಕು ಹಿಡಿಯುತ್ತದೆ. ಕಾವು ತಡೆಯಲೆಂದು ಅದಕ್ಕೆ ಪಟ್ಟಿ ಸುತ್ತಿದರೆ ಪಟ್ಟಿಯಲ್ಲಿ ತೇವ ನಿಂತು ತುಕ್ಕು ಮತ್ತಷ್ಟು ಚುರುಕಾಗುತ್ತದೆ. ಸ್ಟೇನ್‌ಲೆಸ್ ಉಕ್ಕು ದುಬಾರಿ, ಆದರೆ ದೀರ್ಘಾಯು.

ಆದುದರಿಂದ ಬಲ್ಲವರು ಹೆಡರನ್ನು ಕೊಳ್ಳುವ ಮುನ್ನವೇ ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್ ದಂಡಗಳನ್ನು ಅವುಗಳ ಸ್ಥಾನದಲ್ಲಿ ಕೂಡಿಸಿ ಅಳೆಯುತ್ತಾರೆ. ಎಂಜಿನ್ ರಬ್ಬರಿನ ಮೇಲೆ ಕುಳಿತು ಓಲಾಡುವ ವಸ್ತುವಾದುದರಿಂದ, ನಿಂತಾಗ ಕೂದಲೆಳೆಯ ಅಂತರವಿದ್ದರೆ ಸಾಲದು. ಚಾಲಕನ ಪ್ರಾಣವಿರುವುದು ಸ್ಟಿಯರಿಂಗಿನಲ್ಲಿ. ತಿರುವಿನ ನಡುವೆ ದಂಡವು ಕೊಳವೆಗೆ ತಾಗಿದರೆ ಎಷ್ಟು ಕುದುರೆಗಳ ಶಕ್ತಿಯಿದ್ದೂ ಪ್ರಯೋಜನವಿಲ್ಲ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಲು ಕೈ ಹೋಗುವುದೇ, ಎಣ್ಣೆಯ ಫಿಲ್ಟರು ಹೊರಬರುವುದೇ ಎಂಬುದನ್ನೂ ಅವರು ಆಗಲೇ ನೋಡಿಕೊಳ್ಳುತ್ತಾರೆ. ಇಷ್ಟೆಲ್ಲ ಅಳೆದಾದ ಮೇಲೆ ಗಿಡ್ಡ ಹೆಡರೇ ಸಾಕೆಂದು ತೋರಿದರೆ, ಹಳೆಯ ಕಾರಿನ ಮೈ ಅಖಂಡವಾಗಿ ಉಳಿದಂತಾಯಿತು.