ಡಬ್ಬಿಗಿಳಿದ ಕಷಾಯ

ಹಾಂಗ್‌ಕಾಂಗಿನ ಹಳೆಯ ಬೀದಿಗಳಲ್ಲಿ ಕಷಾಯದಂಗಡಿಗಳು ಇನ್ನೂ ಉಳಿದುಕೊಂಡಿವೆ. ಎದುರಿಗೇ ಸೋರೆಬುರುಡೆಯ ಆಕಾರದ, ಫಳಫಳ ಹೊಳೆಯುವ ಹಿತ್ತಾಳೆ ಹಂಡೆ. ಅದಕ್ಕೊಂದು ನಲ್ಲಿ. ಸಾಲಾಗಿ ಇಟ್ಟ ಬಟ್ಟಲುಗಳ ಮೇಲೆ ಧೂಳು ಬೀಳದಂತೆ ಗಾಜಿನ ಬಿಲ್ಲೆ. ಕೆಲಸಕ್ಕೆ ಓಡುವವರು ನಿಂತಲ್ಲೇ ಒಂದು ಬಟ್ಟಲು ಕುಡಿದು, ಮುಖ ಕಿವುಚಿ, ಉಪ್ಪು ಹಾಕಿ ಒಣಗಿಸಿದ ಪ್ಲಮ್ ಒಂದನ್ನು ಬಾಯಿಗೆ ಹಾಕಿಕೊಂಡು ನಡೆಯುತ್ತಾರೆ. ಇದು ಲಿಯಾಂಗ್‌ಚಾ. 1950ರ ದಶಕದಲ್ಲಿ ಮನೆಯಲ್ಲಿ ರೇಡಿಯೊ ಇಲ್ಲದವರು ಅಂಗಡಿಯಲ್ಲಿ ಹಾಡು ಕೇಳುವ ಆಸೆಗೇ ಈ ಕಹಿ ನುಂಗುತ್ತಿದ್ದರಂತೆ!

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಸೀಮೆಯ ಸೆಕೆ, ತೇವ ಈ ಅಭ್ಯಾಸದ ತವರು. ಕರಿದದ್ದು ತಿಂದರೆ, ನಿದ್ದೆಗೆಟ್ಟರೆ ಮೈಯೊಳಗೆ ಉರಿ ಏರುತ್ತದೆ, ಬಾಯಿ ಹುಣ್ಣಾಗುತ್ತದೆ, ಗಂಟಲು ಕೆರೆಯುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಅವರು ಲಿಚಿಯನ್ನು ದೂರುತ್ತಾರೆ, ನಾವು ಮಾವನ್ನು. ‘ಉಷ್ಣ ಆಯ್ತು’ ಎನ್ನುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಷಾಯಗಳಲ್ಲಿ ಸೌಮ್ಯವಾದದ್ದು ಐದು ಹೂಗಳದು. ಸೇವಂತಿಗೆ, ಬೂರುಗ, ಹನಿಸಕಲ್ ಮೊಗ್ಗು, ಕುಡ್ಜು ಬಳ್ಳಿಯ ಹೂ, ಜೊತೆಗೆ ನಮ್ಮ ಗುಡಿಯಂಗಳದಲ್ಲಿ ಉದುರಿ ಬೀಳುವ ದೇವಕಣಗಿಲೆ. ವಸಂತದಲ್ಲಿ ಗುವಾಂಗ್‌ಝೌ ನಗರದ ರಸ್ತೆಬದಿ ಕೆಂಪು ಬೂರುಗದ ಹೂ ಬೀಳತೊಡಗಿದರೆ ವಯಸ್ಸಾದವರು ಚೀಲ ಹಿಡಿದು ಆಯುತ್ತಾರೆ, ಬಿಸಿಲಿಗೆ ಹರವುತ್ತಾರೆ. ಇನ್ನೊಂದು, ‘ಇಪ್ಪತ್ತನಾಲ್ಕು ರುಚಿ’. ಹೆಸರಿಗಷ್ಟೇ 24, ಲೆಕ್ಕ ಅಂಗಡಿಗೊಂದು. ರುಚಿ ಮಾತ್ರ ಒಂದೇ, ಕಡುಕಹಿ. ಬಸುರಿಯರಿಗೆ, ಮುಟ್ಟಾದವರಿಗೆ, ತಂಪು ಪ್ರಕೃತಿಯವರಿಗೆ ಇದು ಬೇಡ ಎನ್ನುವುದೂ ಚೀನೀ ವೈದ್ಯ ಪದ್ಧತಿಯದೇ ಮಾತು.

ಇಂಥ ಕಷಾಯಗಳ ಪರವಾಗಿ ವಾದಿಸುವವರು ಚೀನೀ ವಿಜ್ಞಾನಿ ತೂ ಯೂಯೂ ಅವರ 2015ರ ನೊಬೆಲ್ ಅನ್ನು ಮುಂದೆ ಹಿಡಿಯುತ್ತಾರೆ. ಆ ಕಥೆ ಹೇಳುವುದೇ ಬೇರೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತ ಅವರ ತಂಡ ಸುಮಾರು ಎರಡು ಸಾವಿರ ಹಳೆಯ ಮದ್ದುಗಳ ವಿವರ ಕಲೆಹಾಕಿತು. ಕೈಹಿಡಿದದ್ದು ಚಿಂಗ್‌ಹಾವ್ ಎಂಬ ಒಂದು ಗಿಡ, ಅದೂ ಮೊದಮೊದಲು ಕೈಕೊಟ್ಟಿತು. ನಾಲ್ಕನೆಯ ಶತಮಾನದ ವೈದ್ಯ ಗೆ ಹೊಂಗ್ ತನ್ನ ಗ್ರಂಥದಲ್ಲಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಲು ಹೇಳಿದ್ದ. ಕುದಿಸುವ ಮಾತೇ ಇರಲಿಲ್ಲ. ಶಾಖಕ್ಕೆ ಸತ್ವ ಕೆಡುತ್ತಿರಬಹುದೆಂದು ತೂ ಊಹಿಸಿದರು. 1971ರಲ್ಲಿ ಈಥರ್ ಬಳಸಿ ಕಡಿಮೆ ಶಾಖದಲ್ಲಿ ತೆಗೆದ ಸಾರ ಇಲಿಗಳ ಮೇಲೆ, ಮಂಗಗಳ ಮೇಲೆ ಫಲ ಕೊಟ್ಟಿತು. ಬಹುಮಾನ ಸಂದದ್ದು ಈ ಜರಡಿ ಹಿಡಿಯುವ ಕೆಲಸಕ್ಕೆ. ತಾಸುಗಟ್ಟಲೆ ಕುದಿಯುವ ಹಂಡೆಗೆ ಅದರಲ್ಲಿ ಪಾಲು ಕೇಳುವುದು ಅತಿಯಾಸೆ.

ಹಾಗಂತ ಹಂಡೆಯ ಮೇಲೆ ನನಗೆ ಸಿಟ್ಟಿಲ್ಲ. ಕಹಿ ಇದ್ದುದರಿಂದಲೇ ಜನ ಅದನ್ನು ಮಿತಿಯಲ್ಲಿ ಕುಡಿದರು. ತಕರಾರು ಇರುವುದು ಡಬ್ಬಿಯ ಬಗ್ಗೆ. 1828ರಲ್ಲಿ ಗುವಾಂಗ್‌ಝೌದಲ್ಲಿ ಶುರುವಾದ ವಾಂಗ್‌ಲಾವ್‌ಜಿ ಕಷಾಯದಂಗಡಿಯ ಹೆಸರು 1990ರ ದಶಕದಲ್ಲಿ ಕೆಂಪು ಡಬ್ಬಿಯ ಮೇಲೆ ಬಂತು. ಬಿಸಿಬಿಸಿ ಖಾರ ತಿನ್ನುವವರಿಗೆ ಉರಿಯ ಭಯ ಹುಟ್ಟಿಸಿದ ಜಾಹೀರಾತು ಅದನ್ನು ಚೀನಾದ ಉದ್ದಗಲಕ್ಕೂ ಹಬ್ಬಿಸಿತು. ಡಬ್ಬಿಯ ಮೇಲಿನ ಪಟ್ಟಿಯಲ್ಲಿ ನೀರಿನ ಬೆನ್ನಿಗೇ ಸಕ್ಕರೆ, ಗಿಡಮೂಲಿಕೆಗಳ ಸರದಿ ಆಮೇಲೆ. ಕೆಂಪು ಡಬ್ಬಿ ಯಾರದೆಂದು ಎರಡು ಕಂಪನಿಗಳು ವರ್ಷಗಟ್ಟಲೆ ಕಾದಾಡಿದ ಮೇಲೆ, 2017ರಲ್ಲಿ ಚೀನಾದ ಸುಪ್ರೀಂ ಕೋರ್ಟು ಇಬ್ಬರೂ ಬಳಸಬಹುದೆಂದಿತು. ಈಚೆಗೆ ಸಕ್ಕರೆಯಿಲ್ಲದ ಡಬ್ಬಿಯೂ ಬಂದಿದೆ. ಅದೂ ಕಹಿಯಿಲ್ಲ.