ಕೋಣೆಯನ್ನು ನೋಡುವವರು ಯಾರು?

ಬೆಂಗಳೂರು ಕೇಂದ್ರ ನಗರ ಪಾಲಿಕೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಾನು ಬೆಂಗಳೂರಿನವನಲ್ಲ. ನಿಮ್ಮ ಪಾಲಿಕೆಗೆ ಕಂದಾಯ ಕಟ್ಟುವವನೂ ಅಲ್ಲ, ನಿಮ್ಮ ವಾರ್ಡುಗಳಲ್ಲಿ ಮತ ಹಾಕುವವನೂ ಅಲ್ಲ. ಆದರೂ ನಿಮ್ಮ ವ್ಯಾಪ್ತಿಯ ಮೆಜೆಸ್ಟಿಕ್ ಸುತ್ತಲಿನ ಗಾಂಧಿನಗರ, ಉಪ್ಪಾರಪೇಟೆ, ಕಾಟನ್‌ಪೇಟೆ, ಬಳೇಪೇಟೆಗಳ ಲಾಡ್ಜುಗಳಲ್ಲಿ ಆಗಾಗ ಮಲಗಿ ಏಳುವವನು. ಹೈಕೋರ್ಟಿನ ವಾಯಿದೆ, ಎಂ.ಎಸ್. ಬಿಲ್ಡಿಂಗಿನಲ್ಲಿ ಅಲುಗಾಡದ ಕಡತ, ನೆಂಟರ ಆಸ್ಪತ್ರೆ ಎಂದು ಜಿಲ್ಲೆಯವರಿಗೆ ರಾಜಧಾನಿಯ ಕೆಲಸ ಮುಗಿಯುವುದೇ ಇಲ್ಲ. ಆ ರಾತ್ರಿಗಳ ವಿಚಾರವಾಗಿ ನಿಮಗೆ ಬರೆಯುತ್ತಿದ್ದೇನೆ. ಏಕೆಂದರೆ ಲಾಡ್ಜಿಗೆ ವ್ಯಾಪಾರ ಪರವಾನಗಿ ಕೊಡುವವರು ನೀವು.

ಇಂಥ ಕಡೆ ಇಳಿದುಕೊಳ್ಳುವವರನ್ನು ಪ್ರವಾಸಿಗರು ಎಂದು ಕರೆಯುವುದು ಸರ್ಕಾರಿ ರೂಢಿ. ರಿಸೆಪ್ಷನ್ನಿನ ರಿಜಿಸ್ಟರಿನಲ್ಲಿ ಬಂದ ಉದ್ದೇಶ ಬರೆಯುವ ಕಾಲಂ ಒಮ್ಮೆ ಓದಿ ನೋಡಿ. ಮುಕ್ಕಾಲು ಪಾಲು ಜನ 'ಸ್ವಂತ ಕೆಲಸ' ಎಂದಷ್ಟೇ ಗೀಚಿರುತ್ತಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಗಂಡನ ರೇಡಿಯೇಷನ್‌ಗೆ ಸರದಿ ಕಾಯುವ ಹೆಂಗಸು, ಮರುದಿನದ ಕೆಪಿಎಸ್‌ಸಿ ಪರೀಕ್ಷೆಗೆ ಓದಿಕೊಳ್ಳುವ ಹುಡುಗಿ, ಚಿಕ್ಕಪೇಟೆಯಲ್ಲಿ ಹಬ್ಬದ ಸರಕು ಕಟ್ಟಿಸಲು ಬಂದ ತಾಲ್ಲೂಕಿನ ಬಟ್ಟೆ ವ್ಯಾಪಾರಿ, ಫ್ರೀಡಂ ಪಾರ್ಕಿನ ಧರಣಿಗೆ ಬಂದ ಅಂಗನವಾಡಿ ಕಾರ್ಯಕರ್ತೆ, ಎಲ್ಲರೂ ಆ ಎರಡು ಪದದೊಳಗೇ ಇದ್ದಾರೆ. ಇವರು ಈಜುಕೊಳ ಕೇಳುವವರಲ್ಲ. ಒಳಗಿನಿಂದ ಗಟ್ಟಿಯಾಗಿ ಬೀಳುವ ಚಿಲಕ, ಒಗೆದ ಚಾದರ, ಎರಡು ಬಕೆಟ್ ಬಿಸಿನೀರು, ತಿಗಣೆಯಿಲ್ಲದ ಹಾಸಿಗೆ, ಇಷ್ಟಿದ್ದರೆ ಬೆಳಗಾಗುತ್ತಲೇ ತಮ್ಮ ಕೆಲಸದ ದಾರಿ ಹಿಡಿಯುತ್ತಾರೆ.

ಇಷ್ಟೂ ಸಿಗುವುದುಂಟು, ಅದನ್ನು ಮೊದಲು ಹೇಳಿಬಿಡಬೇಕು. ನೆಂಟರೊಬ್ಬರಿಗೆ ಆಪರೇಷನ್ ಆದ ರಾತ್ರಿ, ಹನ್ನೊಂದು ದಾಟಿದ ಮೇಲೆ ನಾನು ಆಸ್ಪತ್ರೆಯಿಂದ ಲಾಡ್ಜಿಗೆ ಮರಳಿದೆ. ಮುಖ ನೋಡಿಯೇ ಸಂಗತಿ ತಿಳಿದುಕೊಂಡ ರೂಮ್ ಬಾಯ್ ಕೇಳದೆಯೇ ಹೊರಗೆ ಹೋಗಿ, ಬಾಗಿಲು ಹಾಕುತ್ತಿದ್ದ ಹೋಟೆಲಿನಿಂದ ಮೊಸರನ್ನ ಕಟ್ಟಿಸಿಕೊಂಡು ಬಂದ. ಬೆಳಿಗ್ಗೆ ಆಸ್ಪತ್ರೆಗೆ ಒಯ್ಯಲು ಫ್ಲಾಸ್ಕಿಗೆ ಬಿಸಿನೀರು ತುಂಬಿಟ್ಟಿದ್ದ. ಆ ಸೌಜನ್ಯವನ್ನು ತಾರಾ ಹೋಟೆಲಿನಲ್ಲಿ ದುಡ್ಡು ಕೊಟ್ಟರೂ ಪಡೆಯುವುದು ಕಷ್ಟ. ಅದೇ ನಂಬಿಕೆಯಲ್ಲಿ ಕೆಲವು ತಿಂಗಳ ನಂತರ ಅದೇ ಲಾಡ್ಜಿಗೆ, ಅದೇ ಬಾಡಿಗೆಗೆ ಹೋದೆ. ಈ ಸಲ ಒಳಭಾಗದ ಕೋಣೆ ಸಿಕ್ಕಿತು. ಕಿಟಕಿ ತೆರೆದರೆ ಡಕ್ಟು, ಡಕ್ಟಿನ ತುಂಬ ಪಕ್ಕದ ಕೋಣೆಗಳ ಬಚ್ಚಲ ವಾಸನೆ. ಮಧ್ಯರಾತ್ರಿ ದೀಪ ಹಾಕಿದಾಗ ದಿಂಬಿನ ಅಂಚಿನಲ್ಲಿ ತಿಗಣೆಗಳು ಸಾಲಾಗಿ ಹೊರಟಿದ್ದವು.

ಒಂದೇ ಲಾಡ್ಜನ್ನು ಒಬ್ಬರು ಹೊಗಳಿ ಇನ್ನೊಬ್ಬರು ಬೈದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಇಬ್ಬರದೂ ನಿಜ. ಕಟ್ಟಡ ಕಟ್ಟುವಾಗ ರಸ್ತೆ ಕಡೆಗೆ ನಾಲ್ಕು ಕೋಣೆಗಷ್ಟೇ ಗಾಳಿ ಬೆಳಕು ಸಿಗುತ್ತದೆ. ಉಳಿದದ್ದನ್ನು ಅಡ್ಡಗೋಡೆ ಹಾಕಿ ಒಳಗೊಳಗೇ ಕೂಡಿಸಿರುತ್ತಾರೆ. ನೀರಿನ ಕಥೆಯೂ ಹಾಗೆಯೇ. ಸೋಲಾರ್ ಟ್ಯಾಂಕು ತಾರಸಿಯ ಮೇಲಿದ್ದರೆ ಮೇಲಿನ ಮಹಡಿಯವರಿಗೆ ನಲ್ಲಿ ತಿರುಗಿಸುತ್ತಲೇ ಬಿಸಿನೀರು. ಕೆಳಗಿನವರು ಪೈಪಿನಲ್ಲಿ ನಿಂತ ತಣ್ಣೀರನ್ನು ಬಕೆಟ್‌ಗಟ್ಟಲೆ ಚೆಲ್ಲಿ ಕಾಯಬೇಕು. ಅಷ್ಟು ಹೊತ್ತಿಗೆ ಮೇಲಿನವರ ಸ್ನಾನವೇ ಮುಗಿದು ಟ್ಯಾಂಕು ಬರಿದಾಗಿರುತ್ತದೆ. ಹಾಸಿಗೆಗಳನ್ನು ಒಟ್ಟಿಗೆ ಬದಲಿಸುವ ಮಾಲೀಕರು ಅಪರೂಪ, ಹರಿದದ್ದನ್ನು ಹರಿದಾಗ ಬದಲಿಸುತ್ತಾರೆ. ಹಾಗಾಗಿ 204ರಲ್ಲಿ ಹೊಸ ಹಾಸಿಗೆ, 209ರಲ್ಲಿ ನಡು ಕುಸಿದ ಹಾಸಿಗೆ, ಬಾಡಿಗೆ ಮಾತ್ರ ಎರಡಕ್ಕೂ ಒಂದೇ.

ತಿಗಣೆಯ ವಿಷಯದಲ್ಲಿ ಮಾಲೀಕರನ್ನು ಪೂರ್ತಿ ದೂರುವ ಹಾಗಿಲ್ಲ. ಅದು ಬರುವುದು ನಮ್ಮ ಬ್ಯಾಗಿನಲ್ಲೇ, ಹೋಗುವುದೂ ನಮ್ಮ ಬ್ಯಾಗಿನಲ್ಲೇ. ಮಾಮೂಲಿ ಔಷಧಿಗೆ ಅವು ಈಗ ಜಗ್ಗುವುದಿಲ್ಲ. ಮಂಚದ ಸಂದುಗೊಂದುಗಳಿಗೆ ಬಿಸಿ ಉಗಿ ಹೊಡೆದು, ಚಾದರ, ದಿಂಬಿನ ಚೀಲಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆಸಿ, ಕೋಣೆಯನ್ನು ಕೆಲವು ದಿನ ಖಾಲಿ ಬಿಟ್ಟು ಮತ್ತೆ ಮತ್ತೆ ಪರೀಕ್ಷಿಸಬೇಕು. ದಿನದ ಬಾಡಿಗೆಯಲ್ಲೇ ದಿನ ದೂಡುವ ಲಾಡ್ಜು ಒಂದು ಕೋಣೆಯನ್ನು ಅಷ್ಟು ದಿನ ಮುಚ್ಚುವುದಿಲ್ಲ. ಪಂಪು ಹಿಡಿದು ಒಂದಿಷ್ಟು ಸಿಂಪಡಿಸಿ ಸಂಜೆಗೆ ಮತ್ತೊಬ್ಬರಿಗೆ ಕೀಲಿ ಕೊಡುತ್ತದೆ. ಇದು ದುರಾಸೆಗಿಂತ ಹೆಚ್ಚಾಗಿ ಲೆಕ್ಕಾಚಾರ. ಮುಚ್ಚಲೇಬೇಕು ಎಂದು ಹೇಳುವವರು ಯಾರೂ ಇಲ್ಲದಿರುವಾಗ ಆ ಲೆಕ್ಕಾಚಾರ ಬದಲಾಗುವುದಿಲ್ಲ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಲಾಡ್ಜಿನ ಬಾಗಿಲಲ್ಲಿ ಅತಿಥಿಯನ್ನು ಎಲ್ಲರೂ ತಪಾಸಣೆ ಮಾಡುತ್ತಾರೆ. ಹೆಸರು, ತಂದೆ ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಜೊತೆಯಲ್ಲಿರುವವರು ಏನಾಗಬೇಕು, ಆಧಾರ್ ತೋರಿಸಿ, ಜೆರಾಕ್ಸ್ ಕೊಡಿ, ಕ್ಯಾಮೆರಾ ನೋಡಿ. ರಾತ್ರಿ ಗಸ್ತಿನ ಪೊಲೀಸರು ಬಂದರೆ ಅವರೂ ಕೇಳುವುದು ಅದೇ ರಿಜಿಸ್ಟರನ್ನು. ಭದ್ರತೆಗೆ ಅದು ಬೇಕು, ಒಪ್ಪುತ್ತೇನೆ. ಆದರೆ ನಾನು ಹಣ ಕೊಟ್ಟು ಪಡೆಯುವ ಕೋಣೆಯ ಗುರುತು ಚೀಟಿ ಎಲ್ಲಿದೆ? ಅದನ್ನು ಕಡೆಯ ಬಾರಿ ಯಾರು ನೋಡಿದರು, ಯಾವತ್ತು ನೋಡಿದರು? ಕೆಳಗಿನ ದರ್ಶಿನಿಯವರು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರನ್ನು ಕ್ಯಾಷ್ ಕೌಂಟರಿನ ಹಿಂದೆ ತೂಗುಹಾಕಿರುತ್ತಾರೆ. ಐದು ನಿಮಿಷದಲ್ಲಿ ತಿಂದು ಹೋಗುವ ಇಡ್ಲಿಗೆ ಅಷ್ಟಿದೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಎಂಟು ಗಂಟೆ ಮೈಮರೆತು ಮಲಗುವ ಹಾಸಿಗೆಗೆ ಅಂಥದ್ದೇನೂ ಕಾಣುವುದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಹೋಟೆಲುಗಳಿಗೆ ತಾರೆ ಕೊಡುತ್ತದೆ, ನಿಜ. ಅದು ಬೇಕೆಂದು ಅರ್ಜಿ ಹಾಕಿದವರಿಗೆ ಮಾತ್ರ. ಮೆಜೆಸ್ಟಿಕ್ಕಿನ ಲಾಡ್ಜಿಗೆ ತಾರೆಯ ಆಸೆಯೂ ಇಲ್ಲ, ಭಯವೂ ಇಲ್ಲ.

ಹಳಬರು ಇದನ್ನು ಯೋಚಿಸಿದ್ದರು. ಬ್ರಿಟಿಷ್ ಸರ್ಕಾರ 1867ರಲ್ಲಿ ಸರಾಯ್ ಕಾಯ್ದೆ ಮಾಡಿತ್ತು. ಸರಾಯಿಯ ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು, ಕಳ್ಳರು ಹತ್ತಿ ಬರಲು ಅನುಕೂಲವಾಗುವ ಮರಗಳನ್ನು ತೆಗೆಸಬೇಕು, ಕಾವಲುಗಾರರನ್ನು ಇಡಬೇಕು, ದರದ ಪಟ್ಟಿಯನ್ನು ಎದ್ದು ಕಾಣುವಂತೆ ಹಾಕಬೇಕು ಎಂದೆಲ್ಲ ಅದರಲ್ಲಿತ್ತು. ಮ್ಯಾಜಿಸ್ಟ್ರೇಟರು ಯಾವಾಗ ಬಂದರೂ ಒಳಗೆ ಬಿಡಬೇಕಿತ್ತು. ಎತ್ತಿನ ಗಾಡಿಯ ಕಾಲದ ಪ್ರಯಾಣಿಕನಿಗೆ ಅಷ್ಟು ಯೋಚಿಸಿದ್ದರು. ನಮ್ಮ ಕಡೆ ಕಾಯ್ದೆಗಿಂತ ಧರ್ಮ ದೊಡ್ಡದಿತ್ತು. ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರು ತಮ್ಮ ದುಡಿಮೆಯ ಹಣದಲ್ಲಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ತೆರೆಯಿತು. ಊರಿಂದ ಬಂದವರು ಎಲ್ಲಿ ಮಲಗುತ್ತಾರೆ ಎಂದು ಒಬ್ಬ ವ್ಯಾಪಾರಿ ಆಗಲೇ ಯೋಚಿಸಿದ್ದ. ಈಗ ಅದೇ ಪ್ರಶ್ನೆಯನ್ನು ಪಾಲಿಕೆ ಕೇಳಿಕೊಂಡರೆ ಸಾಕು.

ದರದ ಪಟ್ಟಿ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ಗೋಡೆಯ ಮೇಲೆ ಬರೆದ ದರ ಒಂದು, ಹೇಳುವ ದರ ಇನ್ನೊಂದು, ಮೊಬೈಲಿನಲ್ಲಿ ಕಂಡದ್ದು ಮೂರನೆಯದು. ಮೊಬೈಲಿನಲ್ಲಿ ಬುಕ್ ಮಾಡಿ ಹೋದರೆ 'ಆ ರೇಟಿಗೆ ನಮಗೆ ಗಿಟ್ಟೋದಿಲ್ಲ ಸಾರ್, ಕ್ಯಾನ್ಸಲ್ ಮಾಡಿ ನೇರವಾಗಿ ಕೊಡಿ' ಎನ್ನುತ್ತಾರೆ. ಕಮಿಷನ್ನಿನ ಕಷ್ಟ ಅವರದು, ಇರಬಹುದು. ಆದರೆ ಮಧ್ಯರಾತ್ರಿ ಲಗೇಜು ಹಿಡಿದು ನಿಂತವನ ಹತ್ತಿರ ಚೌಕಾಸಿ ಮಾಡುವುದು ಯಾವ ನ್ಯಾಯ? 2022ರ ಜುಲೈ 18ಕ್ಕೆ ಮೊದಲು ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಇರಲಿಲ್ಲ. ಅಂದಿನಿಂದ ಶೇ 12 ಬಿತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಬಂದಾಗ ಬಾಡಿಗೆ ಏರಿದ್ದು ನನ್ನ ಗಮನಕ್ಕೆ ಬಂದಿದೆ, ತೆರಿಗೆ ಇಳಿದಾಗ ಬಾಡಿಗೆ ಇಳಿದದ್ದು ಬಂದಿಲ್ಲ. ಬಿಲ್ಲು ಕೇಳಿದರೆ ಬಿಳಿ ಚೀಟಿ.

ಇನ್ನು ಸಮಯ. ರಾಣಿ ಚೆನ್ನಮ್ಮ, ಹಂಪಿ ಎಕ್ಸ್‌ಪ್ರೆಸ್ಸುಗಳಲ್ಲಿ, ಕಲಬುರಗಿ, ಬೀದರ್ ಕಡೆಯ ರಾತ್ರಿ ಬಸ್ಸುಗಳಲ್ಲಿ ಬರುವವರು ಇಳಿಯುವುದು ಬೆಳಗಿನ ಹೊತ್ತು. ಮೆಜೆಸ್ಟಿಕ್ಕಿನ ಹಳೆಯ ಲಾಡ್ಜುಗಳ ದೊಡ್ಡ ಗುಣವೆಂದರೆ 24 ಗಂಟೆಯ ಲೆಕ್ಕ. ಬೆಳಿಗ್ಗೆ ಆರಕ್ಕೆ ಹೊಕ್ಕರೆ ಮರುದಿನ ಆರಕ್ಕೆ ಬಿಟ್ಟರಾಯಿತು. ಬಣ್ಣ ಬಳಿದು, ಹೊಸ ಬೋರ್ಡು ಹಾಕಿ, ಮೊಬೈಲ್ ಆ್ಯಪಿಗೆ ಸೇರಿಕೊಂಡ ಎಷ್ಟೋ ಲಾಡ್ಜುಗಳು ಈಗ ಮಧ್ಯಾಹ್ನ ಹನ್ನೆರಡರ ಲೆಕ್ಕಕ್ಕೆ ತಿರುಗಿವೆ. ಆರಕ್ಕೆ ಬಂದವನು ಮಧ್ಯಾಹ್ನದವರೆಗೆ ಒಂದು ದಿನ, ಆಮೇಲೆ ಇನ್ನೊಂದು ದಿನ ಎಂದು ಎರಡು ಬಾಡಿಗೆ ತೆರಬೇಕು. ಇಲ್ಲವೇ ಸ್ನಾನಕ್ಕೆಂದು ಎರಡು ಗಂಟೆಗೆ ಅರ್ಧ ಬಾಡಿಗೆ ಕೊಟ್ಟು, ಆಮೇಲೆ ದಿನವೆಲ್ಲ ಬ್ಯಾಗು ಹೊತ್ತು ತಿರುಗಬೇಕು. ಕಾನೂನಿನಲ್ಲಿ ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಹಣ ಇಸಿದುಕೊಳ್ಳುವ ಮೊದಲು ಬಾಯಿಬಿಟ್ಟು ಹೇಳಲಿ ಎನ್ನುತ್ತಿದ್ದೇನೆ.

ಆಧಾರ್ ಜೆರಾಕ್ಸಿನ ವಿಷಯ ನಿಮ್ಮ ಊರಿನಿಂದಲೇ ಒಮ್ಮೆ ಸುದ್ದಿಯಾಗಿತ್ತು. ಸಿಕ್ಕಸಿಕ್ಕವರಿಗೆ ಆಧಾರ್ ಪ್ರತಿ ಕೊಡಬೇಡಿ, ಆಧಾರ್ ಬಳಕೆಯ ಪರವಾನಗಿಯಿಲ್ಲದ ಹೋಟೆಲಿನಂಥ ಖಾಸಗಿಯವರು ಅದನ್ನು ಪಡೆದು ಇಟ್ಟುಕೊಳ್ಳುವಂತಿಲ್ಲ ಎಂದು ಆಧಾರ್ ಪ್ರಾಧಿಕಾರವಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಎಚ್ಚರಿಸಿತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಅತಿಥಿಗಳ ಜೆರಾಕ್ಸುಗಳು ಇವತ್ತಿಗೂ ಮೇಜಿನ ಕೆಳಗೆ ಸುತಳಿ ಕಟ್ಟಿಕೊಂಡು ಬಿದ್ದಿರುತ್ತವೆ. ಅವು ಕೊನೆಗೆ ಯಾವ ಗುಜರಿ ಸೇರುತ್ತವೋ, ಯಾವ ಕಡಲೆಕಾಯಿ ಪೊಟ್ಟಣವಾಗುತ್ತವೋ.

ಅದೇ ಮೇಜಿನ ಮುಂದೆ ಒಂಟಿ ಹೆಂಗಸು ನಿಂತರೆ 'ರೂಮ್ ಖಾಲಿ ಇಲ್ಲ'. ಬೆಂಗಳೂರಿನ ವಿಳಾಸ ಇದ್ದವರಿಗೆ 'ಲೋಕಲ್ ಐಡಿಗೆ ಕೊಡಲ್ಲ'. ಗಂಡನ ಹೊಡೆತ ತಪ್ಪಿಸಿಕೊಂಡು ಇದೇ ಊರಿನ ಹೆಂಗಸೊಬ್ಬಳು ರಾತ್ರಿ ಹತ್ತಕ್ಕೆ ಮನೆ ಬಿಟ್ಟು ಬಂದರೆ ಅವಳಿಗೆ ಈ ಎರಡೂ ಉತ್ತರ ಒಟ್ಟಿಗೆ ಸಿಗುತ್ತವೆ. ಮದುವೆಯಾಗದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ಉಳಿಯುವುದನ್ನು ತಡೆಯುವ ಕಾನೂನು ಇಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಹಾಗಿರುವಾಗ ಒಬ್ಬಳೇ ಬಂದ ಹೆಂಗಸಿಗೆ ಬಾಗಿಲು ಹಾಕುವುದು ಯಾವ ಕಾನೂನಿನ ಮೇಲೆ? ಕೇಳಿದರೆ 'ಪೊಲೀಸ್ ತೊಂದರೆ' ಎನ್ನುತ್ತಾರೆ. ಈ ನೆಪ ಪೊಲೀಸರಿಗೆ ಗೊತ್ತಿದೆಯೋ ಇಲ್ಲವೋ, ನೀವು ಒಮ್ಮೆ ಅವರನ್ನೇ ಕೇಳಬಹುದು.

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಗೊಣಗಿಕೊಂಡು ಸಹಿಸಬಹುದು. ಬೆಂಕಿಯನ್ನು ಸಹಿಸಲಾಗುವುದಿಲ್ಲ. 2019ರ ಫೆಬ್ರುವರಿಯಲ್ಲಿ ದೆಹಲಿಯ ಕರೋಲ್ ಬಾಗಿನ ಹೋಟೆಲಿನಲ್ಲಿ 17 ಜನ ಸತ್ತರು. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಬಡಾ ಬಜಾರ್ ಪ್ರದೇಶದ ಅಗ್ಗದ ಹೋಟೆಲಿನಲ್ಲಿ 14 ಜನ ಸತ್ತರು. ಎರಡೂ ಕಡೆ ಹೆಚ್ಚಿನವರನ್ನು ಕೊಂದದ್ದು ಹೊಗೆ. ಎರಡೂ ನಮ್ಮ ಮೆಜೆಸ್ಟಿಕ್, ಚಿಕ್ಕಪೇಟೆಯಂಥ ಇಕ್ಕಟ್ಟು ವ್ಯಾಪಾರಿ ಪ್ರದೇಶಗಳೇ. ನಾನು ಉಳಿದ ಲಾಡ್ಜುಗಳಲ್ಲಿ ಒಂದೇ ಮೆಟ್ಟಿಲಿರುವುದು ಮಾಮೂಲು. ಆ ಮೆಟ್ಟಿಲ ಕೆಳಗೆ ಹಳೆ ಹಾಸಿಗೆ, ಬಣ್ಣದ ಡಬ್ಬ, ಗ್ಯಾಸ್ ಸಿಲಿಂಡರ್. ಎರಡನೆಯ ಮೆಟ್ಟಿಲಿದ್ದ ಕಡೆ ಅದರ ಬಾಗಿಲಿಗೆ ಬೀಗ. ಕಿಟಕಿಗಳಿಗೆ ಕಳ್ಳರ ಭಯದಿಂದ ಕಂಬಿ, ಒಳಗಿನ ಎಷ್ಟೋ ಕೋಣೆಗಳಿಗೆ ಕಿಟಕಿಯೇ ಇಲ್ಲ. ಅಗ್ನಿಶಾಮಕ ಇಲಾಖೆಯ ಕಟ್ಟುನಿಟ್ಟು ಹೆಚ್ಚಾಗಿ ಎತ್ತರದ ಕಟ್ಟಡಗಳ ಮೇಲೆ. ಮೂರು ನಾಲ್ಕು ಅಂತಸ್ತಿನ ಹಳೆ ಲಾಡ್ಜನ್ನು ನೋಡುವವರು ಯಾರೆಂದು ಹುಡುಕಿದರೆ ಕೈ ಬಂದು ನಿಲ್ಲುವುದು ನಿಮ್ಮ ಪರವಾನಗಿಯ ಮೇಲೆಯೇ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್, ವರ್ಷ ನಿಲ್ಲದ ಕೆಲಸಗಾರರು, ಟವೆಲ್ಲಿನಿಂದ ಬೂಟು ಒರೆಸಿ ಗೋಡೆಗೆ ಗುಟ್ಕಾ ಉಗಿದು ಹೋಗುವ ಅತಿಥಿಗಳು. ಕೋಣೆಯಿಂದ ಬಲ್ಬು ಕಳಚಿಕೊಂಡು ಹೋಗುವವರೂ ಇದ್ದಾರೆ. ಹಗಲೆಲ್ಲ ಮಹಡಿ ಹತ್ತಿಳಿಯುವ ರೂಮ್ ಬಾಯ್‌ಗಳು ರಾತ್ರಿ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ, ಅವರಿಗೆಂದು ಒಂದು ಕೋಣೆ ಇರುವ ಲಾಡ್ಜು ನಾನು ಕಂಡದ್ದು ಕಡಿಮೆ. ನಿಯಮ ಬಿಗಿ ಮಾಡಿದರೆ ಬಾಡಿಗೆ ಏರುತ್ತದೆ, ಬಡವರು ಪ್ಲಾಟ್‌ಫಾರ್ಮಿನಲ್ಲಿ ಮಲಗಬೇಕಾಗುತ್ತದೆ ಎಂಬ ವಾದವೂ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ. ಆದ್ದರಿಂದ ನಾನು ಏಸಿ, ಟಿವಿ, ಲಿಫ್ಟು ಕೇಳುವುದಿಲ್ಲ. ಕೆಲಸ ಮಾಡುವ ಚಿಲಕಕ್ಕೆ ಎಷ್ಟು ಖರ್ಚು? ಮೆಟ್ಟಿಲ ಕೆಳಗಿನ ಸಾಮಾನು ತೆಗೆಸುವುದಕ್ಕೆ? ಹಣ ಇಸಿದುಕೊಳ್ಳುವ ಮೊದಲು ಕೋಣೆ ತೋರಿಸುವುದಕ್ಕೆ? ತಿಗಣೆ ಬಿದ್ದ ಕೋಣೆ ಮುಚ್ಚುವುದು ಮಾತ್ರ ನಿಜವಾದ ಖರ್ಚು. ಅದಕ್ಕೆ ಪಾಲಿಕೆಯೇ ಕೀಟನಾಶದ ತಂಡ ಕಟ್ಟಿ ಕಡಿಮೆ ಶುಲ್ಕಕ್ಕೆ ಕಳಿಸಿದರೆ ಸಣ್ಣ ಲಾಡ್ಜುಗಳು ಬೇಡವೆನ್ನಲಾರವು.

ಪರವಾನಗಿ ನವೀಕರಣಕ್ಕೆ ಬಂದಾಗ ಶುಲ್ಕದ ರಸೀದಿಯ ಜೊತೆ ಕೋಣೆಗಳ ತಪಾಸಣಾ ವರದಿಯೂ ಇರಲಿ ಎಂಬುದು ನನ್ನ ಕೋರಿಕೆ. ಅದರ ಪ್ರತಿಯನ್ನು ತಾರೀಖು ಸಮೇತ ರಿಸೆಪ್ಷನ್ನಿನಲ್ಲಿ, ದರದ ಪಟ್ಟಿಯ ಪಕ್ಕದಲ್ಲಿ, ಕನ್ನಡದಲ್ಲಿ ಹಾಕಿಸಿ. ಕೆಳಗೆ ದೂರು ಕೊಡಲು ಒಂದು ಫೋನ್ ನಂಬರ್ ಇರಲಿ, ರಾತ್ರಿ ಹೊತ್ತು ಎತ್ತುವಂಥದ್ದು.

ತಪಾಸಣೆಗೆ ಹೋಗುವವರಿಗೆ ಅನುಭವದಿಂದ ಒಂದು ಸಲಹೆ. ಮುಂಚಿತವಾಗಿ ತಿಳಿಸಿ, ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಹೋಗಬೇಡಿ. ಆಗ ರಸ್ತೆ ಕಡೆಯ ಕೋಣೆ ತೋರಿಸಿ, ಕಾಫಿ ತರಿಸಿ ಕಳಿಸುತ್ತಾರೆ. ನಿಮ್ಮ ಆರೋಗ್ಯ ನಿರೀಕ್ಷಕರು ಬೆಳಿಗ್ಗೆ ಆರಕ್ಕೆ ಒಂದು ಬ್ಯಾಗು ಹಿಡಿದು, ರೈಲಿನಿಂದ ಈಗಷ್ಟೇ ಇಳಿದವರಂತೆ ನಡೆದು ಹೋಗಲಿ. ಕಡಿಮೆ ಬಾಡಿಗೆಯ, ಒಳಭಾಗದ, ಕೆಳಮಹಡಿಯ ಕೋಣೆಯನ್ನೇ ಕೇಳಲಿ. ಬಿಸಿನೀರಿನ ನಲ್ಲಿ ತಿರುಗಿಸಿ ಗಡಿಯಾರ ನೋಡಲಿ, ಹಾಸಿಗೆಯ ಮೂಲೆ ಎತ್ತಲಿ, ಬಾಗಿಲು ಹಾಕಿ ಚಿಲಕ ಎಳೆಯಲಿ. ಆಮೇಲೆ ಎರಡನೆಯ ಮೆಟ್ಟಿಲ ಬೀಗದ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಲಿ. ಉತ್ತರ ಬರಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನೂ ವರದಿಯಲ್ಲಿ ಬರೆಯಲಿ.

ಇತಿ,
ನಿಮ್ಮ ಊರಿಗೆ ಕೆಲಸದ ಮೇಲೆ ಬಂದು ಹೋಗುವ ಒಬ್ಬ ಪರ ಊರಿನವ